ಇಂಜಿನ್ ಪೋರಿ

ಹುಮನಾಬಾದ್
೧೧ ಆಗಸ್ಟ್ ೨೦೨೪

ಅವ್ವನಿಗೆ ಜೈಭೀಮ್.

ಒಂದು ಗಂಟೆಯ ಬಸ್ ದಾರಿಯಲ್ಲಿರುವ ಮಗಳು ಕಾಗದ ಬರೆದಿದ್ದಾಳಲ್ಲ ಎಂದು ನಿನ್ನ ಸೊಸೆ ಪೂನಂ ನಗಬಹುದು. ನಗಲಿ ಬಿಡು. ನಿನಗೆ ಕಿವಿ ಕೇಳದಾದ ಮೇಲೆ ನಿನ್ನ ಜೊತೆ ಮಾತಾಡಬೇಕೆಂದರೆ ಕೂಗಬೇಕು. ಕೂಗಿದರೆ ಬಸವಕಲ್ಯಾಣದ ನಿಮ್ಮ ಓಣಿಗೆಲ್ಲ ಕೇಳುತ್ತದೆ. ಕೆಲವು ಮಾತುಗಳನ್ನು ಕೂಗಿ ಕೇಳಲು ಆಗುವುದಿಲ್ಲ. ನೀನು ಸಾಕ್ಷರತೆಯ ವರ್ಗಕ್ಕೆ ಹೋಗಿ ಅಕ್ಷರ ಕಲಿತವಳು, ನಿಧಾನವಾಗಿಯಾದರೂ ಓದುತ್ತೀಯ. ಅದಕ್ಕೇ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಮೊಮ್ಮಗಳು ಪ್ರಣಿತಾಳಿಗೆ ಸೋಲಾಪುರದ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳನ್ನು ಬಿಟ್ಟು ಬರಲು ನಿನ್ನ ಅಳಿಯ ಒಬ್ಬರೇ ಹೋದರು. ಆಶಾ ಕಾರ್ಯಕರ್ತೆಗೆ ರಜೆ ಎಲ್ಲಿಯದು ಎಂದು ಹೇಳಿ ನಾನು ಉಳಿದುಕೊಂಡೆ. ಮಗಳು ಮೊದಲ ಸಲ ಹಾಸ್ಟೆಲಿಗೆ ಹೋಗುವಾಗ ಜೊತೆಗಿರದ ತಾಯಿ ನಾನು. ಯಾಕೆ ಹೋಗಲಿಲ್ಲ ಎಂದು ನಿನಗೆ ಗೊತ್ತು. ಮೂವತ್ತೇಳು ವರ್ಷದಿಂದ ನಾನು ಸೋಲಾಪುರದಲ್ಲಿ ಕಾಲಿಟ್ಟಿಲ್ಲ.

ಅಲ್ಲಿಂದ ಅವಳು ಒಂದು ಫೋಟೋ ಕಳಿಸಿದಳು. ರೈಲ್ವೆ ಕಚೇರಿಯ ಮುಂದಿನ ತೋಟದಲ್ಲಿ ನಿಲ್ಲಿಸಿದ ಆ ಕರಿ ಇಂಜಿನ್. ಅದರ ಗಾಲಿಗೆ ಒರಗಿ ನಗುತ್ತಿದ್ದಾಳೆ. "ಮಮ್ಮಿ, ಎಷ್ಟ್ ಛಂದ ಅದ ನೋಡು" ಎಂದು ಕೆಳಗೆ ಬರೆದಿದ್ದಾಳೆ. ಪಾಪ, ಅವಳಿಗೇನೂ ಗೊತ್ತಿಲ್ಲ. ಅದೇ ಫೋಟೋ ತಮ್ಮ ಉತ್ತಮನ ಫೋನಿಗೂ ಹೋಯಿತಂತೆ. "ಅವ್ವ ಫೋನ್ ಕೈಯಾಗ ಹಿಡ್ಕೊಂಡು ಭಾಳೊತ್ತು ನೋಡಿದ್ಳು ಅಕ್ಕಾ. ಆಮ್ಯಾಲ ಒಳಗ ಹೋಗಿ ಮಕ್ಕೊಂಡ್ಳು. ಊಟಕ್ಕೂ ಏಳಲಿಲ್ಲ" ಎಂದು ತಮ್ಮ ಹೇಳಿದ. ಆಗಿನಿಂದ ನನಗೂ ಸಮಾಧಾನವಿಲ್ಲ.

ಆ ಇಂಜಿನ್ನಿನ ಒಂದೊಂದು ಮೊಳೆಯೂ ನನಗೆ ನೆನಪಿದೆ ಅವ್ವ. ನನಗೆ ಆಗ ಏಳು ವರ್ಷ. ಎರಡು ವರ್ಷದ ಉತ್ತಮನನ್ನು ಸೋದರತ್ತೆ ಸೋನುಬಾಯಿಯ ಹತ್ತಿರ ಬಿಟ್ಟು, ನಾವು ಮೂವರು ಕತ್ತಲಿರುವಾಗಲೇ ನಮ್ಮೂರು ಮೋರಖಂಡಿಯಿಂದ ನಡೆದು ಹೆದ್ದಾರಿಗೆ ಬಂದು ಬಸ್ ಹತ್ತಿದ್ದೆವು. ಉಮರಗಾ, ನಳದುರ್ಗ ದಾಟಿದ್ದು ನಿದ್ದೆಯಲ್ಲಿ. ಸೋಲಾಪುರದಲ್ಲಿ ನೀನು ಎಲ್ಲೋ ಹೋದೆ. ಅಪ್ಪ ನನ್ನನ್ನು ಆ ತೋಟಕ್ಕೆ ಕರೆದೊಯ್ದು, ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ, ಡ್ರೈವರ್ ನಿಲ್ಲುವ ಜಾಗದಲ್ಲಿ ಇಳಿಸಿದ. "ಅದರ ಹಿಡಿಕಿ ಜೋಕಿಲೆ ಹಿಡಿ. ಎಳದಿ ಅಂದ್ರ ಸೀದಾ ಪಂಢರಪುರ ಮುಟ್ತದ" ಎಂದು ಹೆದರಿಸಿದ. ನಾನು ಬಾಯಿಂದಲೇ ಕೂ ಎಂದೆ. ಕೆಳಗೆ ನಿಂತು ಅಪ್ಪ ಕೈಯಲ್ಲಿದ್ದ ಕೆಂಪು ವಸ್ತ್ರ ಬೀಸಿದ. ಇಪ್ಪತ್ತು ಹೆಜ್ಜೆ ಉದ್ದದ ಹಳಿ, ಅದರ ಎರಡೂ ತುದಿಗೆ ಹುಲ್ಲು. ಆದರೂ ಅದು ನಿಂತಿದೆ ಎಂದು ನನಗೆ ಅನಿಸಲೇ ಇಲ್ಲ. ಬಿಸಿಲಿಗೆ ಕಾದ ಕಬ್ಬಿಣದ ವಾಸನೆ, ಹೊಸ ಬಣ್ಣದ ವಾಸನೆ. ಇಂಜಿನ್ನಿನ ಹೊಟ್ಟೆಗೆ ಕಿವಿ ಹಚ್ಚಿದರೆ ಒಳಗೆ ಗಾಳಿ ಗುಂಯ್ ಎನ್ನುತ್ತಿತ್ತು. ಒಲೆಯ ಬಾಯಿ ತೆರೆದು ನೋಡಿದರೆ ಅಲ್ಲಿ ಗುಬ್ಬಿ ಗೂಡು.

ಬರುವಾಗ ಬಸ್ಸಿನಲ್ಲೇ ಮತ್ತೆ ಇಂಜಿನ್ ಬೇಕು ಎಂದು ಚೀರಾಡಿದೆ. ಮುಂದಿನ ತಿಂಗಳು ನೀನು ಕರೆದುಕೊಂಡು ಹೋದೆ. ಅದರ ಮುಂದಿನ ತಿಂಗಳೂ. ನನ್ನನ್ನು ತೋಟದ ಮಾಲಿ ಅಜ್ಜನಿಗೆ ಒಪ್ಪಿಸಿ, "ಗಾಲಿ ಬಿಟ್ಟು ಎಲ್ಲೂ ಹೋಗಬ್ಯಾಡ, ಬಜಾರಕ್ಕ ಹೋಗಿ ಬರ್ತೀನಿ" ಎಂದು ಹೋಗುತ್ತಿದ್ದೆ. ಬರುವಾಗ ಪೇರಲ ಹಣ್ಣು ತರುತ್ತಿದ್ದೆ. ಮೋರಖಂಡಿಯ ಯಾವ ಹುಡುಗಿಗೂ ಇಂಥ ಸುಖ ಇರಲಿಲ್ಲ. ಎಲ್ಲರೂ ನನ್ನನ್ನು 'ಇಂಜಿನ್ ಪೋರಿ' ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ನಾಲ್ಕನೆಯ ಸಲ ನಾವು ಸಂಜೆ ಮರಳಿ ಬಂದಾಗ ಮನೆಯ ಮುಂದೆ ಜನ. ಅಪ್ಪನನ್ನು ಅಂಗಳದಲ್ಲಿ ಮಲಗಿಸಿದ್ದರು. ತೊಗರಿ ಕೊಯ್ಯುವಾಗ ಹಾವು ಕಚ್ಚಿತ್ತು. ಸೋನುಬಾಯಿ ಅತ್ತೆ ನನ್ನ ರಟ್ಟೆ ಹಿಡಿದು ಅಪ್ಪನ ಮುಂದೆ ನಿಲ್ಲಿಸಿದಳು. "ನೋಡು, ಕಣ್ಣು ತುಂಬ ನೋಡು. ನಿನ್ನ ಇಂಜಿನ್ ಜಿದ್ದಿಗಿ ನಿಮ್ಮವ್ವ ಊರಾಗ ಇರ್ಲಿಲ್ಲ. ಇದ್ದಿದ್ರ ದೌಡ ದವಾಖಾನಿಗಿ ಒಯ್ತಿದ್ಳು. ನನ್ನ ತಮ್ಮ ಉಳೀತಿದ್ದ." ನೀನು ಪಕ್ಕದಲ್ಲೇ ಇದ್ದೆ. ಏನೂ ಅನ್ನಲಿಲ್ಲ.

ಅದನ್ನು ನಾನು ನುಂಗಿಕೊಂಡೆ. ಅತ್ತೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ಆದರೆ ಎರಡು ತಿಂಗಳಾದ ಮೇಲೆ ನೀನು ನನ್ನನ್ನು ಮತ್ತೆ ಸೋಲಾಪುರಕ್ಕೆ ಎಳೆದುಕೊಂಡು ಹೋದೆಯಲ್ಲ, ಅದು ಇವತ್ತಿಗೂ ತಿಳಿದಿಲ್ಲ. ಒಲ್ಲೆ ಎಂದು ನಾನು ಮನೆಯ ಕಂಬ ಹಿಡಿದು ಚೀರಿದೆ. ನೀನು ಒಂದೊಂದೇ ಬೆರಳು ಬಿಡಿಸಿದೆ. ಬಾಗಿಲಲ್ಲಿ ನಿಂತ ಹೆಂಗಸರಿಗೆ, "ಏನ್ ಮಾಡ್ಲಿ, ಪೋರಿ ಬಿಡವಲ್ದು, ಇಂಜಿನ್ ಇಂಜಿನ್ ಅಂತದ" ಎಂದೆ. ಅವರು ನನ್ನನ್ನು ನೋಡಿದ ರೀತಿ! ಅದರ ಮುಂದಿನ ತಿಂಗಳು ನಾನು ಒಲ್ಲೆ ಎನ್ನಲೂ ಇಲ್ಲ, ಸುಮ್ಮನೆ ಬಂದು ಗಾಲಿಯ ಹತ್ತಿರ ಕೂತೆ. ಅದೇ ಕೊನೆ.

ಅವತ್ತು ನಾನು ಕೇಳಿರಲಿಲ್ಲ ಅವ್ವ. ಕೇಳಿದಳು ಎಂದು ಯಾಕೆ ಹೇಳಿದೆ?

ಇಷ್ಟೇ ನನ್ನ ಪ್ರಶ್ನೆ.

ನಿನ್ನ ಮಗಳು
ರತ್ನಮಾಲಾ


ಬಸವಕಲ್ಯಾಣ
೨೬ ಆಗಸ್ಟ್ ೨೦೨೪

ಚಿ. ರತ್ನಮಾಲಾಳಿಗೆ ನಿನ್ನ ಅವ್ವ ಶೇವಂತಾಬಾಯಿಯ ಆಶೀರ್ವಾದ.

ಪೂನಂಳ ಕೈಯಿಂದ ಬರೆಸುತ್ತಿದ್ದೇನೆ. ನಾವೆಲ್ಲ ಆರಾಮ. ಉತ್ತಮನ ಗ್ಯಾರೇಜು ನಡೆದಿದೆ. ಈ ಸಲ ಹೆಸರು ಚೆನ್ನಾಗಿ ಬಂದಿದೆ, ಎರಡು ಸೇರು ಕಳಿಸುತ್ತೇನೆ. ಪ್ರಣಿತಾ ಹಾಸ್ಟೆಲಿನ ಊಟ ಹೇಗಿದೆ ಎಂದು ತಿಳಿಸು. ಅವಳಿಗೆ ಶೇಂಗಾ ಚಟ್ನಿ ಮಾಡಿ ಇಟ್ಟಿದ್ದೇನೆ.

ಹಳೆಯದನ್ನು ಯಾಕೆ ಕೆದಕುತ್ತೀ? ನೀನು ಸಣ್ಣವಳಿದ್ದೆ. ಸಣ್ಣವರ ನೆನಪು ಹಿಂದುಮುಂದಾಗಿರುತ್ತದೆ. ಈ ಮಾತು ಇಲ್ಲಿಗೇ ಇರಲಿ.

ನಿನ್ನ ಅವ್ವ

ಅಕ್ಕಾ, ಇದು ನಾನು ಪೂನಂ. ಅತ್ತೆಯವರು ಕೊನೆಗೆ ಎರಡು ಸಾಲು ಹೇಳಿದರು, ಆಮೇಲೆ "ಅದನ್ನ ಹೊಡದ್ ಹಾಕು" ಎಂದರು. ಹೊಡೆದು ಹಾಕಿದರೆ ಕಾಗದ ಹೊಲಸು ಕಾಣುತ್ತದೆ ಎಂದು ಅವನ್ನು ಬಿಟ್ಟು ಬೇರೆ ಹಾಳೆಯಲ್ಲಿ ಇಳಿಸಿದೆ. ಸಾಲು ಇಷ್ಟೇ: "ನಿನ್ನ ತಪ್ಪೇನಿಲ್ಲ. ನಿನ್ನ ಅಪ್ಪನಿಗೆ ಎಲ್ಲ ಗೊತ್ತಿತ್ತು." ಏನು ಎತ್ತ ನನಗೆ ಗೊತ್ತಿಲ್ಲ. ಹೇಳದೆ ಇರಲು ಮನಸ್ಸಾಗಲಿಲ್ಲ.


ಹುಮನಾಬಾದ್
೨೯ ಸೆಪ್ಟೆಂಬರ್ ೨೦೨೪

ಅವ್ವನಿಗೆ ಜೈಭೀಮ್.

ಹೆಸರುಕಾಳು, ಚಟ್ನಿ ಎರಡೂ ಮುಟ್ಟಿದವು. ಇಷ್ಟು ದಿನ ನಾನು ಬರೆಯಲಿಲ್ಲ. ಸಿಟ್ಟಿತ್ತು. ನನ್ನ ನೆನಪು ಹಿಂದುಮುಂದಾಗಿದೆ ಎಂದೆಯಲ್ಲ, ಹಾಗಿದ್ದರೆ ಎಷ್ಟೋ ಒಳ್ಳೆಯದಿತ್ತು. ಅಪ್ಪನಿಗೆ ಏನು ಗೊತ್ತಿತ್ತು ಎಂದೂ ನೀನು ಹೇಳಲಾರೆ. ಇರಲಿ. ಇನ್ನು ಕೇಳುವುದಿಲ್ಲ. ನಮ್ಮ ಕೆಲಸದ ಸುದ್ದಿ ಬರೆಯುತ್ತೇನೆ, ಅದನ್ನಾದರೂ ಓದು.

ಈ ತಿಂಗಳು ಕುಷ್ಠರೋಗದ ಸಮೀಕ್ಷೆ. ಮನೆ ಮನೆಗೆ ಹೋಗಿ ಮೈಮೇಲೆ ತಿಳಿಬಣ್ಣದ ಮಚ್ಚೆ ಇದೆಯೇ, ಅದಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಬೇಕು. ಗಂಡಸರಿದ್ದರೆ ನಮ್ಮ ಜೊತೆಗಿರುವ ಶ್ರೀಮಂತ ಎಂಬ ಕಾರ್ಯಕರ್ತರು ನೋಡುತ್ತಾರೆ, ಹೆಂಗಸರನ್ನು ನಾನು. ಬಾಗಿಲಿಗೆ ಹೋದ ಕೂಡಲೇ "ನಮ್ಮ ಮನ್ಯಾಗ ಅಂಥಾದ್ದೇನಿಲ್ರಿ, ಮುಂದ ಹೋಗ್ರಿ" ಎನ್ನುತ್ತಾರೆ. ಕೈಗಾರಿಕಾ ಪ್ರದೇಶದ ಕಡೆ ಬಾಡಿಗೆ ಮನೆಗಳ ಒಂದು ಸಾಲಿದೆ. ಅಲ್ಲಿ ಒಬ್ಬ ಹೆಣ್ಣುಮಗಳು ಸಿಕ್ಕಳು. ಹೆಸರು ಬರೆಯುವಂತಿಲ್ಲ. ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವ ಕೆಲಸ, ಇಬ್ಬರು ಮಕ್ಕಳು. ತೋಳಿನ ಮೇಲೆ ರೂಪಾಯಿಗಿಂತ ದೊಡ್ಡ ಮಚ್ಚೆ. ಕಣ್ಣು ಮುಚ್ಚಿಸಿ ಪೆನ್ನಿನ ತುದಿ ತಾಗಿಸಿದೆ. ಬೇರೆ ಕಡೆ ಮುಟ್ಟಿದಾಗ ಬೆರಳು ತೋರಿಸಿದಳು. ಮಚ್ಚೆ ಮುಟ್ಟಿದಾಗ ಸುಮ್ಮನೆ ಕೂತಿದ್ದಳು, ನಾನು ಇನ್ನೂ ಮುಟ್ಟಿಲ್ಲ ಎಂದುಕೊಂಡು.

ಡಾಕ್ಟರು ನೋಡಿ ಹೌದು ಎಂದರು. ಆರು ತಿಂಗಳ ಗುಳಿಗೆ, ಪುಕ್ಕಟೆ, ಪೂರ್ತಿ ವಾಸಿ. ಎಲ್ಲ ಹೇಳಿದೆ. ಮರುದಿನ ಅವಳು ಗುಳಿಗೆಯ ಪಾಕೀಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನನ್ನ ಕೈಗೆ ತುರುಕಿದಳು. "ಒಯ್ರಿ ಬಾಯಿ ಇದನ್ನ. ತಿಂಗ್ಳಾ ತಿಂಗ್ಳಾ ದವಾಖಾನಿಗಿ ಯಾಕ ಹೋಗಾಕತ್ತಿ ಅಂತ ಅತ್ತಿ ಕೇಳಿದ್ರ ಏನ್ ಹೇಳ್ಲಿ? ತಿಳೀತಂದ್ರ ಮಕ್ಕಳನ್ನ ಕಸ್ಕೊಂಡು ಹೊರಗ ಹಾಕ್ತಾರ" ಎಂದಳು. ಅದಾದ ಮೇಲೆ ಮೂರು ಸಲ ಹೋದೆ. ಬಾಗಿಲು ತೆಗೆಯುವುದಿಲ್ಲ. ಒಳಗಿಂದ ಮಕ್ಕಳ ಸದ್ದು ಬರುತ್ತದೆ, ಅವಳು ಅವರ ಬಾಯಿ ಮುಚ್ಚಿಸುವುದೂ ಕೇಳುತ್ತದೆ.

ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಇಂಥವಳಿಗೆ ಏನು ಹೇಳಬೇಕು ಎಂದು ನನಗೆ ಇನ್ನೂ ಗೊತ್ತಿಲ್ಲ.

ರತ್ನಮಾಲಾ


ಬಸವಕಲ್ಯಾಣ
೩ ನವೆಂಬರ್ ೨೦೨೪

ರತ್ನಾ,

ಇದು ನನ್ನ ಸ್ವಂತ ಕೈ. ಹನ್ನೆರಡು ದಿನದಿಂದ ಬರೆಯುತ್ತಿದ್ದೇನೆ. ಮಧ್ಯಾಹ್ನ ಪೂನಂ ಮಲಗಿದ ಮೇಲೆ ಬರೆಯುತ್ತೇನೆ, ಅವಳು ಏಳುವುದರೊಳಗೆ ಜೋಳದ ಡಬ್ಬಿಯಲ್ಲಿ ಇಡುತ್ತೇನೆ. ಕಾಗದವನ್ನು ಪುಸ್ತಕದಲ್ಲಿ ಇದ್ದ ಹಾಗೆ ಬರೆಯಬೇಕು ಎಂದು ವರ್ಗದ ಗುರುಗಳು ಹೇಳುತ್ತಿದ್ದರು. ಹಾಗೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಬರೆದ ಆ ಹೆಣ್ಣುಮಗಳ ಸುದ್ದಿ ಮೂರು ಸಲ ಓದಿದೆ. ಮೂವತ್ತೆಂಟು ವರ್ಷದ ಹಿಂದೆ ನಾನೇ ಆ ಹೆಣ್ಣುಮಗಳು.

ಒಂದು ದಿನ ರೊಟ್ಟಿ ಬೇಯಿಸುತ್ತಿದ್ದೆ. ಸುಟ್ಟ ವಾಸನೆ ಬಂತು. ರೊಟ್ಟಿ ಸುಟ್ಟಿರಲಿಲ್ಲ. ನನ್ನ ಎಡಗೈಯ ಕಿರುಬೆರಳು ಹಂಚಿಗೆ ತಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ನಿನ್ನ ಅಪ್ಪ ನೋಡಿದ. ತೋಳಿನ ಮೇಲಿನ ಬಿಳಿ ಮಚ್ಚೆಯನ್ನೂ ನೋಡಿದ. ಜಾಲಿ ಮುಳ್ಳು ತಂದು ಚುಚ್ಚಿ, "ತಿಳಿತದ?" ಎಂದ. ಇಲ್ಲ ಎಂದೆ. ರಕ್ತ ಬರುತ್ತಿತ್ತು. ಅವನು ಮುಳ್ಳು ಎಸೆದು ನನ್ನ ಸೆರಗಿನಿಂದ ರಕ್ತ ಒರೆಸಿದ.

ಆಗ ನಮ್ಮ ಊರ ಹಳ್ಳದ ಆಚೆ ಒಬ್ಬ ಮನುಷ್ಯ ಗುಡಿಸಲಲ್ಲಿ ಇದ್ದ. ಮಹಾರೋಗ ಬಂದಿದೆ ಎಂದು ಮನೆಯವರೇ ಹೊರಗೆ ಹಾಕಿದ್ದರು. ಒಂದು ಕಲ್ಲಿನ ಮೇಲೆ ರೊಟ್ಟಿ ಇಟ್ಟು ಬರುತ್ತಿದ್ದರು. ನನಗೆ ಆ ಕಲ್ಲೇ ಕಣ್ಣಮುಂದೆ ಬಂತು. ನಿನ್ನ ಅಪ್ಪ ಹೇಳಿದ, "ಅಳಬ್ಯಾಡ. ಕಲ್ಯಾಣದ ದವಾಖಾನ್ಯಾಗ ಗುರ್ತಿನ ಮಂದಿ ಇರ್ತಾರ. ನಾವು ಸೋಲಾಪುರಕ್ಕ ಹೋಗಮು. ಅಲ್ಲಿ ನಮ್ಮನ್ಯಾರು ಕೇಳ್ತಾರ?"

ನಾವು ಮೂವರು ಮೊದಲ ಸಲ ಹೋದದ್ದು ಅದಕ್ಕೆ. ನಾನು ದವಾಖಾನೆಯ ಸರದಿಯಲ್ಲಿ ಕೂತಿದ್ದೆ. ಅಪ್ಪ ನಿನ್ನನ್ನು ಆಡಿಸುತ್ತಿದ್ದ. ಡಾಕ್ಟರಮ್ಮ ಒಳ್ಳೆಯವಳು. ಹೊಸ ಗುಳಿಗೆ ಬಂದಿದೆ, ವಾಸಿಯಾಗುತ್ತದೆ ಎಂದಳು. ದಿನದ ಗುಳಿಗೆ ಮನೆಯಲ್ಲಿ ನುಂಗಬೇಕು. ತಿಂಗಳಿಗೊಂದು ದೊಡ್ಡ ಗುಳಿಗೆ ಅವಳ ಕಣ್ಣಮುಂದೆಯೇ ನುಂಗಬೇಕು. ಹೀಗೆ ಆರು ಸಲ. ನಡುವೆ ಬಿಟ್ಟರೆ ಬೆರಳು ಉಳಿಯುವುದಿಲ್ಲ ಎಂದಳು.

ಹೊರಗೆ ಬಂದು ಇದನ್ನು ಹೇಳಿದಾಗ ನಿನ್ನ ಅಪ್ಪ ರಸ್ತೆಯಲ್ಲೇ ಅತ್ತ. ಆಮೇಲೆ ಬಸ್ಸಿನಲ್ಲಿ ಚಿಂತೆ ಹತ್ತಿತು. ತಿಂಗಳು ತಿಂಗಳು ಸೋಲಾಪುರಕ್ಕೆ ಯಾಕೆ ಎಂದು ಊರು ಕೇಳಿದರೆ ಏನು ಹೇಳುವುದು? ನೀನು ಅವನ ತೊಡೆಯ ಮೇಲೆ ಕೂತು ಮತ್ತೆ ಇಂಜಿನ್ ಬೇಕು ಎಂದು ಚೀರುತ್ತಿದ್ದೆ. ಅವನು ಒಮ್ಮೆಲೇ ನಕ್ಕ. "ಶೇವಂತಾ, ನಮ್ಮ ಪೋರಿನೇ ದಾರಿ ತೋರಿಸ್ಯಾಳ ನೋಡು. ಪೋರಿ ಜಿದ್ದ ಹಿಡದದ, ಇಂಜಿನ್ ನೋಡ್ದ ಊಟ ಮಾಡವಲ್ದು ಅಂತ ಹೇಳಮು. ನಗ್ತಾರ, ನಗಲಿ. ನಗೋ ಮಂದಿ ಒಳಗ ಇಣುಕಿ ನೋಡಂಗಿಲ್ಲ."

ಇಂಜಿನ್ ಹಟ ನಿನ್ನದಲ್ಲ ಮಗಳೇ. ಅದು ನಿನ್ನ ಅಪ್ಪ ನನ್ನನ್ನು ಉಳಿಸಲು ಹೇಳಿದ ಸುಳ್ಳು.

ನಾಲ್ಕನೆಯ ಸಲ ಹೋಗಲು ನನಗೆ ಮನಸ್ಸಿರಲಿಲ್ಲ. ತೊಗರಿಯ ಕೆಲಸ ಬಹಳ ಇತ್ತು. ಅವನೇ ಬುತ್ತಿ ಕಟ್ಟಿ ಕೈಗೆ ಕೊಟ್ಟ. "ಒಂದು ಗುಳಿಗಿನೂ ತಪ್ಪಬಾರ್ದು. ನಡಿ" ಎಂದ. ಮುಂದಿನದು ನಿನಗೆ ಗೊ‌ತ್ತು. ಹಾವು ಕಚ್ಚಿದ ಮೇಲೆ ಅವನನ್ನು ಮೊದಲು ಮಂತ್ರ ಹಾಕುವವನ ಮನೆಗೆ ಒಯ್ದರು. ಅಲ್ಲೇ ಹೊತ್ತು ಹೋಯಿತು. ನಾನು ಊರಲ್ಲಿದ್ದರೂ ಅಷ್ಟು ಗಂಡಸರ ಮುಂದೆ ನನ್ನ ಮಾತು ನಡೆಯುತ್ತಿತ್ತೋ ಇಲ್ಲವೋ. ಇಷ್ಟು ವರ್ಷ ಅದನ್ನೇ ಯೋಚಿಸಿದ್ದೇನೆ. ನಡೆಯುತ್ತಿರಲಿಲ್ಲ ಎಂದೇ ಅನಿಸುತ್ತದೆ.

ಸೋನುಬಾಯಿ ಸಾಯುವ ಮುಂಚೆ ನನ್ನನ್ನು ಕರೆಸಿದ್ದಳು. ಒಂಬತ್ತು ವರ್ಷ ಆಯಿತು. ಆಗ ನನಗೆ ಇನ್ನೂ ಕಿವಿ ಕೇಳುತ್ತಿತ್ತು. "ಶೇವಂತಾ, ನನ್ನ ತಮ್ಮ ಭೀಮಶಾ ಕಡೀಗಿ ಒಂದು ಮಾತಂದ. ಪೋರಿಗಿ ಬೈಬ್ಯಾಡ್ರಿ, ನಾನೇ ಕಳ್ಸೀನಿ ಅಂದ. ವಿಷ ಏರಿ ಬಡಬಡಿಸ್ತಾನ ಅಂತ ತಿಳ್ಕೊಂಡೆ. ರತ್ನಾಗ ಬೈದು ತಪ್ಪು ಮಾಡೀನಿ" ಎಂದು ಅತ್ತಳು. ಇದನ್ನು ನಿನಗೆ ಅಂದೇ ಹೇಳಬೇಕಿತ್ತು. ಹೇಳಿದರೆ ಯಾಕೆ ಕಳಿಸಿದ ಎಂದು ನೀನು ಕೇಳುತ್ತಿದ್ದೆ. ಅದಕ್ಕೆ ಹೇಳಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಇದು. ಅವನು ಹೋದ ಮೇಲೆ ಇನ್ನೂ ಎರಡು ಗುಳಿಗೆ ಉಳಿದಿದ್ದವು. ಬೆರಳು ಹೋದರೆ ನಿಮ್ಮಿಬ್ಬರಿಗೆ ಅನ್ನ ಯಾರು ಹಾಕಬೇಕು? ಗಂಡ ಸತ್ತವಳು ಒಬ್ಬಳೇ ಸೋಲಾಪುರಕ್ಕೆ ಹೋದರೆ ಊರು ಬೇರೆಯೇ ಮಾತಾಡುತ್ತಿತ್ತು. ನನ್ನ ಹತ್ತಿರ ಇದ್ದದ್ದು ನೀನು ಒಬ್ಬಳೇ. ಅದಕ್ಕೇ ನಿನ್ನ ಬೆರಳು ಬಿಡಿಸಿದೆ. ಕಂಬದ ಚಕ್ಕೆಯೊಂದು ನಿನ್ನ ಬೆರಳಿಗೆ ಹೊಕ್ಕಿತ್ತು. ಬಸ್ಸಿನಲ್ಲಿ ನೀನು ಅತ್ತು ಅತ್ತು ಮಲಗಿದ ಮೇಲೆ ಸೂಜಿಯಿಂದ ತೆಗೆದೆ. ಆ ಚಕ್ಕೆಯನ್ನು ಕಿಟಕಿಯಿಂದ ಎಸೆಯಲು ಮನಸ್ಸಾಗಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡೆ.

ಬೇಸಿಗೆಯಲ್ಲಿ ಡಾಕ್ಟರಮ್ಮ, ಗುಳಿಗೆ ಮುಗಿಯಿತು, ಇನ್ನು ಬರಬೇಡ ಎಂದಳು. ಮಚ್ಚೆ ಹೋಯಿತು. ಎರಡು ಬೆರಳಿಗೆ ಮಾತ್ರ ಇವತ್ತಿಗೂ ಏನೂ ತಿಳಿಯುವುದಿಲ್ಲ. ಆಮೇಲೆ ನಿನ್ನ ಮದುವೆ ಆಗಬೇಕಿತ್ತು, ಉತ್ತಮನದು ಆಗಬೇಕಿತ್ತು. ಬಾಯಿ ಬಿಡಲಿಲ್ಲ. ನೀನು ಈ ಕೆಲಸಕ್ಕೆ ಸೇರಿದಾಗ ಹೇಳೋಣ ಎಂದುಕೊಂಡೆ. ಆಗ ರೋಗದ ಮಾತಿಗಿಂತ ನಿನ್ನ ಮೇಲೆ ಹೊರೆ ಹೊರಿಸಿದ ಮಾತು ಹೇಳಲು ಹೆದರಿಕೆಯಾಯಿತು. ಏಳು ವರ್ಷದ ಮಗು ನನ್ನ ಸಲುವಾಗಿ ಊರಿನ ಬೈಗುಳ ತಿಂದಿತು. ನಾನು ನೋಡುತ್ತ ನಿಂತೆ.

ಆ ಹೆಣ್ಣುಮಗಳಿಗೆ ಇದನ್ನೆಲ್ಲ ಹೇಳು. ಅವಳ ಹೆಸರು ನೀನು ಬರೆಯುವಂತಿಲ್ಲ, ನನ್ನ ಹೆಸರು ಹೇಳಬಹುದು. ಶೇವಂತಾಬಾಯಿ, ವಯಸ್ಸು ಅರವತ್ತೆಂಟು, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು, ಈಗಲೂ ತನ್ನ ಕೈಯಿಂದಲೇ ರೊಟ್ಟಿ ಬಡಿಯುತ್ತಾಳೆ ಎಂದು ಹೇಳು.

ನಿನ್ನ ಅವ್ವ
ಶೇವಂತಾಬಾಯಿ


ಹುಮನಾಬಾದ್
೨೪ ನವೆಂಬರ್ ೨೦೨೪

ನನ್ನ ಅವ್ವನಿಗೆ,

ನಿನ್ನ ಕಾಗದ ಬಂದಾಗ ನಾನು ಲಸಿಕೆಯ ದಿನದ ಗದ್ದಲದಲ್ಲಿದ್ದೆ. ಆರೋಗ್ಯ ಕೇಂದ್ರದ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಓದಲು ಶುರು ಮಾಡಿದೆ, ಅಲ್ಲೇ ನೆಲದ ಮೇಲೆ ಕೂತೆ. ಸಿಸ್ಟರ್ ಓಡಿ ಬಂದರು. "ಏನಾತ್ರಿ ರತ್ನಮಾಲಾ, ಊರಾಗ ಯಾರರೇ ಹೋದ್ರೇನ್ರಿ?" ಎಂದರು. "ಇಲ್ರಿ, ಯಾರೂ ಹೋಗಿಲ್ರಿ" ಎಂದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಮರುದಿನವೇ ಓಡಿ ಬಂದೆನಲ್ಲ, ನೋಡು, ನಿನ್ನ ಮುಂದೆ ಕೂತರೆ ಒಂದು ಮಾತೂ ಹೊರಡಲಿಲ್ಲ. ಉತ್ತಮ ಅಲ್ಲೇ ಇದ್ದ, ಪೂನಂ ಚಹಾ ತಂದಳು. ನೀನು ನನ್ನನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದೆ. ಎರಡು ಬೆರಳು ಮಡಚಿಕೊಂಡೇ ಹಚ್ಚಿದೆ. ನಲವತ್ತೈದು ವರ್ಷ ನಿನ್ನ ಕೈ ನೋಡಿದ್ದೇನೆ. ಈ ಊರಿನಲ್ಲಿ ಸಾವಿರಾರು ಜನರಿಗೆ ಪೆನ್ನು ತಾಗಿಸಿ ತಿಳಿಯುತ್ತದೆಯೇ ಎಂದು ಕೇಳಿದ್ದೇನೆ. ನಿನ್ನನ್ನು ಒಮ್ಮೆಯೂ ಕೇಳಲಿಲ್ಲ. ಗಟ್ಟಿ ಜೀವ, ಬಿಸಿ ಹಂಚು ಹಿಡಿದರೂ ಹಾ ಎನ್ನುವುದಿಲ್ಲ ಎಂದು ಹೆಮ್ಮೆಪಡುತ್ತಿದ್ದೆ.

ಆ ವರ್ಷ ನೀನು ನನ್ನನ್ನು ಬಗಲಲ್ಲಿ ಮಲಗಿಸಿಕೊಳ್ಳುತ್ತಿರಲಿಲ್ಲ. ನಿನ್ನ ತಾಟು ಬೇರೆ ಇಡುತ್ತಿದ್ದೆ. ಅಪ್ಪನನ್ನು ಕೊಂದವಳು ಎಂದು ನಿನಗೆ ನನ್ನ ಮೇಲೆ ಹೇಸಿಗೆ ಎಂದು ತಿಳಿದಿದ್ದೆ. ಗುಳಿಗೆ ಶುರುವಾದ ಮೇಲೆ ಅದು ಯಾರಿಗೂ ಹರಡುವುದಿಲ್ಲ ಅವ್ವ. ನೀನು ದೂರ ಮಲಗಬೇಕಿರಲಿಲ್ಲ. ಆಗ ಯಾರೂ ನಿನಗೆ ಹೇಳಲಿಲ್ಲವೇ, ಹೇಳಿದರೂ ನಂಬಲು ಹೆದರಿದೆಯೋ?

ಹೊರೆ ಹೊರಿಸಿದೆ ಎಂದು ಬರೆದಿದ್ದೀ. ಹೊರಿಸಿದೆ, ನಿಜ. ಸಿಟ್ಟು ಬಂದದ್ದೂ ನಿಜ. ಒಂದು ದಿನ ಪೂರ್ತಿ ಇತ್ತು. ಆದರೆ ಅದರ ಅಡಿಯಲ್ಲಿ ಬೇರೆ ಏನೋ ಇತ್ತು. ಅಪ್ಪನನ್ನು ನೆನೆದಾಗಲೆಲ್ಲ ಆ ಅಂಗಳವೇ ಕಾಣುತ್ತಿತ್ತು, ಅದರಾಚೆ ದಾಟಲು ಆಗುತ್ತಿರಲಿಲ್ಲ. ಈಗ ಬಸ್ಸಿನಲ್ಲಿ ನಕ್ಕ ಅಪ್ಪ ಸಿಕ್ಕಿದ್ದಾನೆ. ಬುತ್ತಿ ಕಟ್ಟಿಕೊಟ್ಟ ಅಪ್ಪ ಸಿಕ್ಕಿದ್ದಾನೆ. ಇಷ್ಟು ಜಾಣ ಮನುಷ್ಯ ನಮ್ಮ ಮನೆಯಲ್ಲಿದ್ದ ಎಂದು ನನಗೆ ಗೊತ್ತೇ ಇರಲಿಲ್ಲ.

ಕಳೆದ ಗುರುವಾರ ನಿನ್ನ ಅಳಿಯನ ಜೊತೆ ಸೋಲಾಪುರಕ್ಕೆ ಹೋದೆ. ಪ್ರಣಿತಾಳನ್ನೂ ಕರೆದುಕೊಂಡು ಆ ತೋಟಕ್ಕೆ ಹೋದೆವು. ಅವ್ವ, ಅದು ಎಷ್ಟು ಸಣ್ಣದು! ನನ್ನ ನೆನಪಿನಲ್ಲಿ ಗುಡ್ಡದಷ್ಟಿತ್ತು. ಈಗ ನಿಂತರೆ ಗಾಲಿ ನನ್ನ ಎದೆಯವರೆಗೂ ಬರುವುದಿಲ್ಲ. ಸುತ್ತಲೂ ಸರಪಳಿ ಹಾಕಿದ್ದಾರೆ. ಆರಿಫ ಎಂಬ ಕಾವಲುಗಾರ ಇದ್ದ. ನಾನು ಸರಪಳಿ ದಾಟಿದ್ದು ನೋಡಿ ಬಂದ. "ಬಾಯಿ, ಮುಟ್ಟಬ್ಯಾಡ್ರಿ, ಮ್ಯಾಲಿನವರು ನನಗ ಬೈತಾರ್ರಿ" ಎಂದ. "ನಮ್ಮಪ್ಪ ನನ್ನನ್ನ ಇದರ ಮ್ಯಾಲ ಕೂಡಿಸಿದ್ದರಿ, ಏಳು ವರ್ಷದಾಕಿ ಇದ್ದಾಗ" ಎಂದೆ. ಅವನು ನನ್ನನ್ನು ನೋಡಿದ, ಕಚೇರಿಯ ಕಡೆ ನೋಡಿದ. "ಐದು ಮಿನಿಟ್ರಿ. ನಾ ಆಕಡಿ ಹೋಗಿ ನೀರು ಕುಡುದು ಬರ್ತೀನಿ" ಎಂದು ಹೋದ. ಹತ್ತಿದೆ. ನಿನ್ನ ಅಳಿಯ ಕೆಳಗಿನಿಂದ ಹೌಹಾರಿದರು. ಮೂರು ಹಿಡಿಕೆ ಉಳಿದಿವೆ, ಬಣ್ಣ ಬಳಿದು ಬಳಿದು ಅಂಟಿಕೊಂಡಿವೆ. ಅಲ್ಲಿ ನಿಂತುಕೊಂಡೇ ಪ್ರಣಿತಾಳಿಗೆ ಎಲ್ಲ ಹೇಳಿದೆ. ಅವಳು ಗಾಲಿಗೆ ಒರಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಜ್ಜಿ ಆರೂ ಗುಳಿಗಿ ನುಂಗಿದ್ಳಾ?" ಎಂದು ಕೇಳಿದಳು. ನರ್ಸ್ ಆಗುವವಳು ನೋಡು. ಹೌದು, ಆರೂ ಎಂದೆ.

ಆ ಹೆಣ್ಣುಮಗಳ ಮಾತು. ಬಾಗಿಲ ಹೊರಗೆ ನಿಂತುಕೊಂಡೇ, "ಒಂದು ಕಾಗದ ಓದ್ತೀನಿ, ಬಾಗಿಲ ತಗೀಬ್ಯಾಡ" ಎಂದೆ. ನೀನು ಹಂಚಿಗೆ ಬೆರಳು ತಾಗಿಸಿಕೊಂಡಲ್ಲಿಂದ, ಮೆಲ್ಲನೆ, ಅವಳಿಗೊಬ್ಬಳಿಗೇ ಕೇಳುವಷ್ಟು. ಬಸ್ಸಿನ ಮಾತಿಗೆ ಬಂದಾಗ ಚಿಲಕ ಸರಿಯಿತು. ಪಾಕೀಟು ಮರಳಿ ಇಸಿದುಕೊಂಡಳು. ಮೊದಲ ಗುಳಿಗೆ ನನ್ನ ಮುಂದೆಯೇ ನುಂಗಿದಳು. ಅತ್ತೆಗೆ ಏನು ಹೇಳುತ್ತಾಳೆ ಎಂದು ಯೋಚಿಸಿದೆವು. ರಕ್ತ ಕಡಿಮೆ ಇದೆ, ಶಕ್ತಿಯ ಗುಳಿಗೆ ಎಂದು ಹೇಳುತ್ತಾಳಂತೆ. ಸುಳ್ಳನ್ನು ಮಕ್ಕಳ ಮೇಲೆ ಮಾತ್ರ ಹಾಕಬೇಡ ಎಂದು ನಾನು ಹೇಳಿದೆ. ಇಲ್ಲ ಎಂದು ತನ್ನ ತಲೆಯ ಮೇಲೆ ಕೈ ಇಟ್ಟುಕೊಂಡಳು.

ನೀನೂ ಉತ್ತಮನಿಗೆ ಹೇಳು. ಅವನಿಗೂ ಅಪ್ಪ ಬೇಕಲ್ಲ.

ನಿನ್ನ
ರತ್ನಾ


ಬಸವಕಲ್ಯಾಣ
೧೫ ಡಿಸೆಂಬರ್ ೨೦೨೪

ರತ್ನಾ,

ನಿನ್ನ ಕಾಗದವನ್ನು ಉತ್ತಮನ ಕೈಗೇ ಕೊಟ್ಟೆ. ಓದಿದ. ಪೂನಂಳಿಗೂ ಓದಿಸಿದ. ಆಮೇಲೆ ನಾನು ಬಾಯಿಂದಲೂ ಎಲ್ಲ ಹೇಳಿದೆ. ನನಗೆ ನನ್ನ ದನಿ ಕೇಳುವುದಿಲ್ಲ, ಎಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ. ಪೂನಂ ಎದ್ದು ಕಿಟಕಿ ಹಾಕಲು ಹೋದಳು. ಉತ್ತಮ ಬೇಡ ಎಂದು ಕೈ ಮಾಡಿದ. ಅವನು ನನ್ನ ಎಡಗೈ ಹಿಡಿದುಕೊಂಡು ಆ ಎರಡು ಬೆರಳನ್ನು ಬಹಳ ಹೊತ್ತು ತಿಕ್ಕಿದ. ನನಗೆ ತಿಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ತಿಕ್ಕಿದ.

ಎರಡು ದಿನ ಓಣಿಯಲ್ಲಿ ಯಾರೂ ನಮ್ಮ ಕಟ್ಟೆಗೆ ಬಂದು ಕೂಡಲಿಲ್ಲ. ಕೂಡದಿದ್ದರೆ ಬಿಡಲಿ ಎಂದುಕೊಂಡೆ. ನಾನು ಹೊಟ್ಟೆ ತುಂಬ ಊಟ ಮಾಡಿದೆ, ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ.

ನಿನ್ನೆ ಎದುರು ಮನೆಯ ಕೇಶರಬಾಯಿ ಬಂದಳು. ಬಂದವಳೇ ಬಾಗಿಲು ಮುಂದೆ ಮಾಡಿದಳು. ಏನೋ ಹೇಳಿದಳು, ನನಗೆ ಕೇಳಲಿಲ್ಲ. ಮತ್ತೆ ಹೇಳಿದಳು. ಆಮೇಲೆ ಹೇಳುವುದನ್ನು ಬಿಟ್ಟು, ನನಗೆ ಬೆನ್ನು ಮಾಡಿ ಕೂತು ಸೆರಗು ಸರಿಸಿದಳು. ಭುಜದ ಕೆಳಗೆ ಅಂಗೈ ಅಗಲದ ಮಚ್ಚೆ. ನಾನು ಒಂದು ಕಡ್ಡಿ ತೆಗೆದುಕೊಂಡು ಮೊದಲು ಬೇರೆ ಕಡೆ ಮುಟ್ಟಿದೆ. ಹೂಂ ಎಂದು ತಲೆ ಆಡಿಸಿದಳು. ಮಚ್ಚೆಯ ಮೇಲೆ ಮುಟ್ಟಿದೆ. ತಲೆ ಆಡಿಸಲಿಲ್ಲ. ಎಷ್ಟು ದಿನ ಆಯಿತು ಎಂದು ಕೇಳಿದೆ. ತಿರುಗಿ ಏಳು ಬೆರಳು ತೋರಿಸಿದಳು. ತಿಂಗಳೋ ವರ್ಷವೋ ನಾನು ಕೇಳಲಿಲ್ಲ.

ಚಹಾ ಮಾಡಿ ಕುಡಿಸಿದೆ. ನನ್ನ ಮಗಳು ಬರುತ್ತಾಳೆ, ಅವಳಿಗೆ ಎಲ್ಲ ತಿಳಿಯುತ್ತದೆ, ಅವಳ ಬಾಯಿಂದ ಮಾತು ಹೊರಗೆ ಹೋಗುವುದಿಲ್ಲ ಎಂದು ಹೇಳಿದೆ. ಇಲ್ಲಿಯ ಡಾಕ್ಟರರ ಹತ್ತಿರ ನೀನೇ ಜೊತೆಗೆ ನಿಂತು ಕರೆದೊಯ್ಯಬೇಕು ಎಂದು ಕೈಸನ್ನೆಯಿಂದ ತಿಳಿಸಿದಳು. ಭಾನುವಾರ ಬೇಡ, ಅವತ್ತು ಅವಳ ಗಂಡ ಮನೆಯಲ್ಲಿರುತ್ತಾನೆ.

೨೩ರ ಸೋಮವಾರ ಹತ್ತರ ಬಸ್ಸಿಗೆ ಬಾ. ನಾವಿಬ್ಬರೂ ತಯಾರಾಗಿ ಕೂತಿರುತ್ತೇವೆ.

ನಿನ್ನ ಅವ್ವ